ಹಲಗೆಯ ಮೇಲೆ ನಿಂತು ಹುಟ್ಟು ಹಾಕುವವರು



2024ರ ಮಾರ್ಚ್ 8, 9 ಮತ್ತು 10, ಈ ಮೂರು ದಿನ ಮಂಗಳೂರಿನ ಉತ್ತರಕ್ಕಿರುವ ಸಸಿಹಿತ್ಲು ಕಡಲತೀರದಲ್ಲಿ ಒಂದು ಪಂದ್ಯ ನಡೆಯಿತು. ಅದರ ಹೆಸರು ಇಂಡಿಯಾ ಪ್ಯಾಡಲ್ ಫೆಸ್ಟಿವಲ್. ಸ್ಪೇನ್, ಡೆನ್ಮಾರ್ಕ್, ಹಂಗೇರಿ ಮೊದಲಾದ ದೇಶಗಳಿಂದ ಬಂದವರು, ನಮ್ಮ ಕರಾವಳಿಯ ಮತ್ತು ತಮಿಳುನಾಡಿನ ಹುಡುಗರು, ಎಲ್ಲರೂ ಉದ್ದನೆಯ ಹಲಗೆಯ ಮೇಲೆ ನಿಂತುಕೊಂಡು, ಒಂದೇ ಹುಟ್ಟನ್ನು ಎಡಕ್ಕೆ ಬಲಕ್ಕೆ ಹಾಕುತ್ತ ನೀರಿನ ಮೇಲೆ ಓಟ ಓಡಿದರು. ಈ ಆಟದ ಅಂತಾರಾಷ್ಟ್ರೀಯ ಪಂದ್ಯ ಭಾರತದಲ್ಲಿ ನಡೆದದ್ದು ಅದೇ ಮೊದಲು. ತೊಗರಿಯ ಧಾರಣೆ, ಪರಸಿ ಕಲ್ಲು, ಲಾರಿ ಬಾಡಿಗೆ ಎಂದು ಪ್ರತಿ ತಿಂಗಳು ಬರೆಯುವ ಮುದುಕನಿಗೆ ಈ ನೀರಾಟದ ಉಸಾಬರಿ ಯಾಕೆ ಎಂದು ತಾವು ಕೇಳಬಹುದು. ಕಾರಣ ಉಂಟು. ಮುಂದೆ ಹೇಳುತ್ತೇನೆ. ಮೊದಲು ಆಟ ಏನೆಂಬುದನ್ನು ತಿಳಿದುಕೊಳ್ಳೋಣ.

ಇದಕ್ಕೆ ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡಿಂಗ್ ಎಂದು ಹೆಸರು. ಹಲಗೆ ಎಂದೆನಾದರೂ ಅದು ಮರದ ಹಲಗೆಯಲ್ಲ. ಒಳಗೆ ಹಗುರವಾದ ಫೋಮ್, ಹೊರಗೆ ಫೈಬರ್ ಅಥವಾ ಕಾರ್ಬನ್ ಹೊದಿಕೆ. ಕಲಿಯುವವರ ಹಲಗೆ 10-11 ಅಡಿ ಉದ್ದ, 30 ಇಂಚಿಗೂ ಮೇಲೆ ಅಗಲ. ನಮ್ಮ ಅಂಗಡಿಯ ಕಟ್ಟೆಯ ಹಾಗೆ ಸ್ಥಿರವಾಗಿರುತ್ತದೆ. ಓಟದ ಹಲಗೆ 14 ಅಡಿ, ಅಗಲ ಬಹಳ ಕಡಿಮೆ. ಅದರ ಮೇಲೆ ನಿಲ್ಲುವುದೇ ಒಂದು ವಿದ್ಯೆ. ಗಾಳಿ ತುಂಬಿ ಗಟ್ಟಿ ಮಾಡಿಕೊಳ್ಳುವ ಹಲಗೆಗಳೂ ಇವೆ. ಗಾಳಿ ಬಿಟ್ಟು ಸುತ್ತಿದರೆ ಒಂದು ದೊಡ್ಡ ಚೀಲದಲ್ಲಿ ಹಿಡಿಯುತ್ತವೆ. ವಿಮಾನದಲ್ಲಿ ಹೋಗುವ ಹವ್ಯಾಸಿಗಳಿಗೆ ಇದೇ ಆಧಾರ, ಏಕೆಂದರೆ 14 ಅಡಿಯ ಗಟ್ಟಿ ಹಲಗೆಯನ್ನು ಎಷ್ಟೋ ವಿಮಾನದವರು ಹತ್ತಿಸಿಕೊಳ್ಳುವುದೇ ಇಲ್ಲ.

ಹುಟ್ಟಿನ ವಿಷಯದಲ್ಲಿ ಒಂದು ಸ್ವಾರಸ್ಯ ಹೇಳಬೇಕು. ಅದು ಹಿಡಿಯುವವನ ಎತ್ತರಕ್ಕಿಂತ ಎಂಟು ಹತ್ತು ಇಂಚು ಉದ್ದ. ಕೊನೆಯ ಅಲಗು ನೇರವಾಗಿರದೆ ಸ್ವಲ್ಪ ಬಾಗಿರುತ್ತದೆ. ನೋಡಿದ ಯಾರೇ ಆಗಲಿ, ಸೌಟಿನಿಂದ ಸಾರು ಮೊಗೆದಂತೆ ಬಾಗಿದ ಭಾಗವನ್ನು ತನ್ನ ಕಡೆಗೆ ಹಿಡಿಯುತ್ತಾರೆ. ಅದು ತಪ್ಪು, ಬಾಗು ಮುಂದಕ್ಕೆ ಇರಬೇಕು. ಹಾಗಿದ್ದರೆ ಅಲಗು ಮುಂದೆ ದೂರದಲ್ಲಿ ಇಳಿದು, ಪಾದದ ಬಳಿ ಬರುವವರೆಗೂ ನೆಟ್ಟಗೆ ನೀರನ್ನು ಹಿಡಿದುಕೊಂಡಿರುತ್ತದೆ. ಉಲ್ಟಾ ಹಿಡಿದರೆ ನೀರನ್ನು ಮೇಲಕ್ಕೆ ಎತ್ತಿದಂತಾಗಿ ಬಲವೆಲ್ಲ ವ್ಯರ್ಥ. ತಜ್ಞರು ದಡದಲ್ಲಿ ಕುಳಿತೇ ಹೊಸಬರನ್ನು ಗುರುತಿಸುವುದು ಇದರಿಂದಲೇ.

ಈ ಆಟ ಈಗಿನ ರೂಪಕ್ಕೆ ಬಂದದ್ದು ಹವಾಯಿ ದ್ವೀಪಗಳಲ್ಲಿ. ಲೇರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮಾ ಎಂಬ ಅಲೆಸವಾರರು 2000ದ ಆಸುಪಾಸಿನಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಆದರೆ ನಿಂತು ಹುಟ್ಟು ಹಾಕುವುದು ಮನುಷ್ಯನಿಗೆ ಹೊಸದಲ್ಲ. ತಮಿಳು ಕರಾವಳಿಯ ಕಟ್ಟುಮರದ ಮೇಲೆ ಬೆಸ್ತರು ಎಷ್ಟು ತಲೆಮಾರಿನಿಂದ ನಿಂತಿದ್ದಾರೋ ಲೆಕ್ಕವಿಲ್ಲ.

ನಮ್ಮ ಸೀಮೆಯ ಮಾತೇ ಬೇರೆ. ಬಶೀರಾಬಾದ್, ತಾಂಡೂರು, ಸೇಡಂ, ಇದು ಬಯಲುಸೀಮೆ. ಅನಂತಗಿರಿ ಬೆಟ್ಟದಲ್ಲಿ ಹುಟ್ಟುವ ಕಾಗಿಣಾ ನಮ್ಮ ಪಕ್ಕದಲ್ಲೇ ಹಾದು ಮಳಖೇಡದ ಕೋಟೆಯನ್ನು ಮುಟ್ಟಿ ಭೀಮೆಗೆ ಸೇರುತ್ತದೆ. ಬೇಸಿಗೆಯಲ್ಲಿ ಅದನ್ನು ಧೋತರ ಎತ್ತಿಕೊಂಡು ನಡೆದೇ ದಾಟಬಹುದು. ಮಳೆಗಾಲದಲ್ಲಿ ಮಾತ್ರ ಅದರ ಸಿಟ್ಟು ನೋಡಬೇಕು. 2020ರ ಅಕ್ಟೋಬರ್‌ನಲ್ಲಿ ಮಳಖೇಡಕ್ಕೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ನೀರು ಎಂದರೆ ನಮ್ಮವರಿಗೆ ಒಂದೋ ಸಾಲದು, ಇಲ್ಲವೇ ದಾಟಬೇಕಾದ ಕಷ್ಟ, ಆಟವಂತೂ ಅಲ್ಲ. ಕೃಷ್ಣಾ ನದಿಯ ನಡುಗಡ್ಡೆಯ ಜನ ಪ್ರವಾಹದಲ್ಲಿ ಒಣಗಿದ ಸೋರೆ ಬುರುಡೆ ಬೆನ್ನಿಗೆ ಕಟ್ಟಿಕೊಂಡು ಈಜುತ್ತಾರೆ. 2013ರಲ್ಲಿ ತುಂಬು ಗರ್ಭಿಣಿಯೊಬ್ಬಳು ಹಾಗೆಯೇ ಕೃಷ್ಣೆಯನ್ನು ಈಜಿ, ಹೆರಿಗೆಗೆ ಆಸ್ಪತ್ರೆಯಿರುವ ದಡ ಸೇರಿದ ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ಬಂದಿತ್ತು. ನೀರಿನಲ್ಲಿ ನಮ್ಮ ಕಡೆಯವರು ತೋರಿದ ಶೌರ್ಯ ಅಂಥದ್ದು. ಅದಕ್ಕೆ ಪದಕವಿಲ್ಲ, ಗಡಿಯಾರ ಹಿಡಿದು ನಿಂತವರಿಲ್ಲ.

ಇನ್ನೊಂದು ಭಯ ನಮ್ಮ ಊರುಗಳಿಗೇ ವಿಶಿಷ್ಟವಾದದ್ದು. ಪರಸಿ ತೆಗೆದು ಬಿಟ್ಟ ಖಣಿಗಳು. ಕಲ್ಲು ಮುಗಿದ ಮೇಲೆ ಗುಂಡಿ ಹಾಗೇ ಉಳಿಯುತ್ತದೆ, ಮಳೆನೀರು ತುಂಬುತ್ತದೆ. ನೆಟ್ಟಗೆ ಕಡಿದ ಗೋಡೆ, ಹತ್ತಲು ಮೆಟ್ಟಿಲಿಲ್ಲ. ರಜೆಯ ದಿನ ಈಜಲು ಹೋದ ಹುಡುಗರು ತಿರುಗಿ ಬಾರದ ಮನೆಗಳು ನಮ್ಮ ಸೀಮೆಯಲ್ಲಿ ಎಷ್ಟಿವೆ! ಆದ್ದರಿಂದ ಇಲ್ಲಿಯ ತಾಯಂದಿರು ಮಕ್ಕಳಿಗೆ ಮೊದಲು ಕಲಿಸುವ ಪಾಠವೇ, ನೀರಿನ ಹತ್ತಿರ ಹೋಗಬೇಡ ಎಂಬುದು. ಈಜು ಕಲಿಸುವ ಬದಲು ಭಯ ಕಲಿಸಿದ್ದೇವೆ. ಇದರಲ್ಲಿ ತಾಯಂದಿರ ತಪ್ಪಿಲ್ಲ. ಈಜು ಕಲಿಯಲು ಒಂದು ಸುರಕ್ಷಿತ ಕೊಳ ಎಲ್ಲಿತ್ತು ನಮಗೆ? ಈಚಿನ ವರ್ಷಗಳಲ್ಲಿ ನಮ್ಮ ವಿಕಾರಾಬಾದ್ ಜಿಲ್ಲೆಯ ಕೋಟಪಲ್ಲಿ ಜಲಾಶಯದಲ್ಲಿ ಜಾಕೆಟ್ ತೊಡಿಸಿ ಕಯಾಕ್ ದೋಣಿಯಲ್ಲಿ ಕೂರಿಸುತ್ತಾರೆ. ಹೈದರಾಬಾದಿನಿಂದ ಜನ ಅದಕ್ಕೆಂದೇ ಬರುತ್ತಾರೆ. ಪಕ್ಕದಲ್ಲೇ ಇರುವ ನಮ್ಮವರು ಎಷ್ಟು ಜನ ಹೋಗಿದ್ದಾರೆ ಎಂದು ಕೈ ಎತ್ತಿಸಿದರೆ ಒಂದು ಕೈಯ ಬೆರಳು ಸಾಕು.

ಈಗ ಕಾರಣಕ್ಕೆ ಬರುತ್ತೇನೆ. ನನ್ನ ತಮ್ಮನ ಮಗಳು ಮಂಗಳೂರಿನಲ್ಲಿ ಓದುತ್ತಿದ್ದಾಳೆ. ಗೆಳತಿಯರ ಜೊತೆ ಭಾನುವಾರಗಳಂದು ಹೊಳೆಗೆ ಹೋಗಿ ಈ ಹಲಗೆಯ ಆಟ ಕಲಿತಳು. ಮನೆಗೆ ತಿಳಿದದ್ದು ಕಲಿತ ಮೇಲೆ. ಈಗ ಹೊರದೇಶದ ಒಂದು ಪಂದ್ಯದಲ್ಲಿ ಹವ್ಯಾಸಿಗಳ ವಿಭಾಗಕ್ಕೆ ಹೆಸರು ಕೊಡುತ್ತೇನೆ ಎಂದು ಕುಳಿತಿದ್ದಾಳೆ. ತಮ್ಮನು ದೀಪಾವಳಿಯ ಲೆಕ್ಕ ಮುಗಿಸಿಕೊಂಡು ನೇರ ನನ್ನ ಅಂಗಡಿಗೆ ಬಂದ. ಅವನ ಮಾತನ್ನು ಅವನ ಬಾಯಲ್ಲೇ ಹೇಳುವುದು ಒಳ್ಳೆಯದು: “ಅಣ್ಣಾ, ಗೆಲ್ಲತೀನಿ ಅಂತ ಹೇಳಿದ್ರ ಒಂದು ಮಾತು. ಗೆಲ್ಲಂಗಿಲ್ಲ ಅಂತ ಆಕಿನೇ ಹೇಳತಾಳ. ಗೆಲ್ಲದ ಪಂದ್ಯಕ್ಕ ರೊಕ್ಕ ಕಟ್ಟಿ, ವಿಮಾನ ಹತ್ತಿ ಯಾಕ ಹೋಗಬೇಕು?”

ಪ್ರಶ್ನೆ ನ್ಯಾಯವಾದದ್ದು. ವ್ಯಾಪಾರಸ್ಥನ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಮೊದಲು ಹವ್ಯಾಸಿ ಎಂದರೆ ಯಾರು ಎಂದು ವಿಚಾರಿಸಿದೆ. ಹವ್ಯಾಸಿ ನಾಟಕ ತಂಡದಲ್ಲಿ ಅಂಗಡಿಯ ಗುಮಾಸ್ತ ದುರ್ಯೋಧನನ ಪಾತ್ರ ಮಾಡಿ ಮರುದಿನ ಬೆಳಿಗ್ಗೆ ತಕ್ಕಡಿ ಹಿಡಿಯುತ್ತಾನಲ್ಲ, ಹಾಗೆ. ಈ ಆಟದಲ್ಲಿ ಹಣಕ್ಕಾಗಿ ಓಡುವವರು ಕೆಲವೇ ಮಂದಿ. ಉಳಿದವರು ವೈದ್ಯರು, ಶಿಕ್ಷಕರು, ಬಡಗಿಗಳು, ವಿದ್ಯಾರ್ಥಿಗಳು. ರಜೆ ಹಾಕಿ, ತಮ್ಮ ದುಡ್ಡಿನಲ್ಲಿ ಟಿಕೆಟ್ ತೆಗೆದು ಬರುತ್ತಾರೆ. ವಿಶೇಷವೆಂದರೆ ಇದರ ಅನೇಕ ದೊಡ್ಡ ಪಂದ್ಯಗಳು ಅವರಿಗೂ ಬಾಗಿಲು ತೆರೆದಿವೆ. ಕ್ರಿಕೆಟ್ಟಿನ ವಿಶ್ವಕಪ್ಪಿನಲ್ಲಿ ನಮ್ಮ ಬಶೀರಾಬಾದಿನ ಹುಡುಗ ಬ್ಯಾಟು ಹಿಡಿದು ಒಳಗೆ ಹೋಗುವಂತಿಲ್ಲ. ಇಲ್ಲಿ ಹೋಗಬಹುದು.

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ರೈಟ್ಸ್‌ವಿಲ್ ಬೀಚಿನಲ್ಲಿ ನಡೆದುಕೊಂಡು ಬಂದ ಕೆರೊಲಿನಾ ಕಪ್ ಎಂಬ ಪಂದ್ಯವನ್ನು ನೋಡಿರಿ. ಅದರಲ್ಲಿ ಮೂರು ಅಳತೆಯ ಓಟಗಳು. ಬಲ್ಲವರಿಗೆ 13.2 ಮೈಲಿಯದು, ಅಂದರೆ ಸುಮಾರು 21 ಕಿಲೋಮೀಟರ್. ಅದಕ್ಕೆ ಗ್ರೇವ್‌ಯಾರ್ಡ್, ಎಂದರೆ ಸ್ಮಶಾನ ಎಂದೇ ಹೆಸರಿಟ್ಟಿದ್ದಾರೆ, ಪುಣ್ಯಾತ್ಮರು. ನಡುವಿನವರಿಗೆ 6.5 ಮೈಲಿ. ಹೊಸಬರಿಗೆ 3.5 ಮೈಲಿ. ಯಾರು ಎಲ್ಲಿ ನಿಲ್ಲಬೇಕೆಂದು ತಾವೇ ತೀರ್ಮಾನಿಸಿಕೊಳ್ಳಬೇಕು. ಹಾಲೆಂಡಿನಲ್ಲಿ 2009ರಿಂದ ನಡೆಯುತ್ತಿರುವ ಇನ್ನೊಂದು ಪಂದ್ಯವಿದೆ. ಫ್ರೀಸ್‌ಲ್ಯಾಂಡ್ ಪ್ರಾಂತದ ಹನ್ನೊಂದು ಊರುಗಳನ್ನು ಕಾಲುವೆಗಳ ಮೂಲಕ ಸುತ್ತಿ ಬರುವುದು, 5 ದಿನಗಳಲ್ಲಿ 220 ಕಿಲೋಮೀಟರ್. ಬಶೀರಾಬಾದಿನಿಂದ ಹೈದರಾಬಾದಿಗೆ ಹೋಗಿ ಮುಕ್ಕಾಲು ದಾರಿ ವಾಪಸು ಬಂದಷ್ಟು ದೂರ, ಎಲ್ಲವೂ ನಿಂತುಕೊಂಡು, ಕೈಬಲದಿಂದ. ಅಲ್ಲಿಯೂ ಹವ್ಯಾಸಿಗಳಿಗೆ ಅವಕಾಶವಿದೆ.

ಓಟದಲ್ಲಿ ಮೂರು ಬಗೆ. 200 ಮೀಟರಿನ ನೇರ ಓಟ ಒಂದು. ಅಲೆಗಳನ್ನು ಸೀಳಿಕೊಂಡು, ತೇಲುವ ಗುರುತುಗಳನ್ನು ಸುತ್ತಿ ಬರುವುದು ಎರಡನೆಯದು. ತಿರುವಿನಲ್ಲಿ ಹಲಗೆಯ ಹಿಂತುದಿಗೆ ಹೆಜ್ಜೆ ಹಾಕಿ, ಮುಂದಿನ ಮೂತಿ ಮೇಲೆದ್ದಾಗ ಗರ್ರನೆ ತಿರುಗಿಸುತ್ತಾರೆ. ಬಿದ್ದವರೆಲ್ಲ ಬೀಳುವುದು ಅಲ್ಲಿಯೇ. ಮೂರನೆಯದು ದೂರದ ಓಟ. ಬಿದ್ದರೆ ಪಂದ್ಯದಿಂದ ಹೊರಗೆ ಹಾಕುವುದಿಲ್ಲ, ಎದ್ದು ನಿಂತು ಮುಂದುವರಿಯಬಹುದು. ಮೊಣಕಾಲೂರಿಕೊಂಡು ಸುಖವಾಗಿ ಹೋಗುವಂತೆ ಮಾತ್ರ ಇಲ್ಲ, ನಿಂತೇ ಸಾಗಬೇಕು. ಒಳ್ಳೆಯ ಓಟಗಾರರು ದೂರದ ಓಟದಲ್ಲಿ ಗಂಟೆಗೆ 9-10 ಕಿಲೋಮೀಟರ್ ಹೋಗುತ್ತಾರೆ, ಹವ್ಯಾಸಿಗಳು 6-7. ಮುಂದಿನವನ ಹಲಗೆ ಎಬ್ಬಿಸಿದ ಅಲೆಯ ಮೇಲೆ ಹಿಂದಿನವನು ಅಂಟಿಕೊಂಡು ಹೋದರೆ ಶ್ರಮ ಎಷ್ಟೋ ಉಳಿಯುತ್ತದೆ. ದೊಡ್ಡ ಅಡತಿಯವನು ಕೂಗಿದ ಧಾರಣೆಯ ಹಿಂದೆ ಸಣ್ಣ ಅಂಗಡಿಯವರು ಹೋದ ಹಾಗೆ. ಆದರೆ ಬೇರೆ ವರ್ಗದ ಹಲಗೆಯ ಬೆನ್ನಿಗೆ ಅಂಟಿಕೊಳ್ಳುವುದನ್ನು ಅನೇಕ ಪಂದ್ಯಗಳಲ್ಲಿ ನಿಷೇಧಿಸಿದ್ದಾರೆ.

ಈ ಆಟದ ಮೇಲೆ ಯಾರ ಅಧಿಕಾರ ಎಂಬುದಕ್ಕೆ ಎರಡು ಅಂತಾರಾಷ್ಟ್ರೀಯ ಸಂಸ್ಥೆಗಳ ನಡುವೆ ದೊಡ್ಡ ಜಗಳವೇ ನಡೆದಿತ್ತು. ಹಲಗೆ ನಮ್ಮದು ಎಂದು ಸರ್ಫಿಂಗ್‌ನವರು, ಹುಟ್ಟು ನಮ್ಮದು ಎಂದು ದೋಣಿ ಆಟದವರು. 2020ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿ ಒಲಿಂಪಿಕ್ ಮಟ್ಟದ ಆಡಳಿತ ಸರ್ಫಿಂಗ್‌ನವರದೆಂದು ತೀರ್ಪಿತ್ತಿತು, ಪಂದ್ಯಗಳನ್ನು ದೋಣಿಯವರೂ ನಡೆಸಬಹುದೆಂದಿತು. ಪಾಲುದಾರರ ವ್ಯಾಜ್ಯ ಎಲ್ಲ ಕಡೆಗೂ ಒಂದೇ! ಹವ್ಯಾಸಿಗಳಿಗೆ ಇದರಿಂದ ಲಾಭವೇ ಆಯಿತು, ಎರಡೂ ಕಡೆ ವಿಶ್ವಮಟ್ಟದ ಪಂದ್ಯ.

ನಮ್ಮ ನಾಡಿನಲ್ಲಿ ಇದರ ಬೇರು ಇರುವುದು ಮೂಲ್ಕಿಯಲ್ಲಿ. ಅಮೆರಿಕದಿಂದ ಬಂದು ಸನ್ಯಾಸ ಸ್ವೀಕರಿಸಿದ್ದ, ಸರ್ಫಿಂಗ್ ಸ್ವಾಮಿ ಎಂದೇ ಜನರು ಕರೆಯುತ್ತಿದ್ದ ಸ್ವಾಮಿ ನರಸಿಂಘ ಅವರು 2004ರಲ್ಲಿ ಅಲ್ಲಿ ಆಶ್ರಮ ಕಟ್ಟಿದರು. ಬೆಳಿಗ್ಗೆ ಜಪ, ಆಮೇಲೆ ಅಲೆಯ ಮೇಲೆ ಸವಾರಿ, ಸಸ್ಯಾಹಾರ. ಅದೇ ಮಂತ್ರ ಸರ್ಫ್ ಕ್ಲಬ್ ಆಗಿ ಬೆಳೆಯಿತು. ಸ್ವಾಮಿಗಳು 2020ರಲ್ಲಿ ತೀರಿಕೊಂಡರು. ಸಸಿಹಿತ್ಲಿನ ಪಂದ್ಯವನ್ನು ನಡೆಸಿದ್ದು ಇದೇ ಕ್ಲಬ್ಬಿನವರು.

ಅಲ್ಲಿಯೇ ಕಲಿತವಳು ತನ್ವಿ ಜಗದೀಶ್. ಹೆಣ್ಣುಮಗಳು ಸಮುದ್ರಕ್ಕೆ ಇಳಿಯುವುದಕ್ಕೆ ಮನೆಯಲ್ಲಿ ಮೊದಲು ಒಪ್ಪಿಗೆ ಇರಲಿಲ್ಲ. ಜೊತೆಗೆ ನಿಂತವನು ಅಜ್ಜ. 2016ರಲ್ಲಿ ಫಿಜಿ ದ್ವೀಪದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಕೆ ಭಾರತದ ಪರವಾಗಿ ಹಲಗೆಯ ಮೇಲೆ ನಿಂತಳು. ತಮಿಳುನಾಡಿನ ಸೇಕರ್ ಪಚ್ಚೈ ಎಂಬ ತರುಣನೂ ಜೊತೆಗಿದ್ದ. ಮರುವರ್ಷ, 2017ರಲ್ಲಿ, ಮೇಲೆ ಹೇಳಿದ ಕೆರೊಲಿನಾ ಕಪ್‌ಗೆ ಹೋಗಿ ತನ್ನ ವಿಭಾಗದಲ್ಲಿ ಮೂರನೆಯ ಸ್ಥಾನ ಪಡೆದು ಬಂದಳು. ಆಗ ಅವಳಿಗೆ ಇನ್ನೂ ಕಾಲೇಜಿನ ಹುಡುಗಿಯ ವಯಸ್ಸು. ಪತ್ರಿಕೆಗಳು ಪದಕವನ್ನು ಹಿಗ್ಗಿನಿಂದ ಬರೆದವು. ನನಗೆ ಆ ಕಥೆಯಲ್ಲಿ ದೊಡ್ಡದಾಗಿ ಕಾಣುವುದು ಅಜ್ಜ. ಈ ಅಂಕಣ ಓದುವವರಲ್ಲಿ ನನ್ನ ಓರಗೆಯ ಅಜ್ಜಂದಿರೇ ಹೆಚ್ಚು, ಅದಕ್ಕೇ ಹೇಳಿದೆ.

ನಾನೂ ಒಮ್ಮೆ ಹೋಗಿ ನೋಡಿ ಬಂದೆ. ಮೂಡುಬಿದಿರೆ, ಕಾರ್ಕಳದ ಯಾತ್ರೆ ಮುಗಿಸಿಕೊಂಡು, ಸಾವಿರ ಕಂಬದ ಬಸದಿಯ ದರ್ಶನವಾದ ಮೇಲೆ, ಕಿನ್ನಿಗೋಳಿ ಮಾರ್ಗವಾಗಿ ಮೂಲ್ಕಿಗೆ ಇಳಿದೆವು. ಮೂಡುಬಿದಿರೆಯಿಂದ ಒಂದು ಗಂಟೆಯ ದಾರಿಯೂ ಅಲ್ಲ. ಶಾಂಭವಿ ಮತ್ತು ನಂದಿನಿ ನದಿಗಳು ಕೂಡಿ ಸಮುದ್ರ ಸೇರುವ ಜಾಗ ಅದು. ಹೊಳೆಯ ಕಡೆ ನೀರು ಶಾಂತ, ಒಂದು ಮರಳ ದಿಣ್ಣೆಯ ಆಚೆ ಸಮುದ್ರದ ಅಬ್ಬರ. ಹೊಸಬರಿಗೆ ಹೊಳೆ, ಬಲ್ಲವರಿಗೆ ಕಡಲು. ಮಗಳು ಹಲಗೆ ತಂದಳು, ಮೊದಲು ಮೊಣಕಾಲ ಮೇಲೆ ಕುಳಿತು ನಾಲ್ಕು ಹುಟ್ಟು ಹಾಕಿ, ಆಮೇಲೆ ಒಂದೊಂದೇ ಪಾದ ಊರಿ ಎದ್ದು ನಿಂತಳು. ದೃಷ್ಟಿ ಕಾಲಿನ ಕಡೆ ಅಲ್ಲ, ದೂರದ ದಡದ ಕಡೆ. ಕೆಳಗೆ ನೋಡಿದರೆ ಬೀಳುತ್ತೇವೆ ಎಂದಳು. ಪಕ್ಕದಲ್ಲಿ ನಿಂತಿದ್ದ ತಮ್ಮ ಕೈಯಲ್ಲಿ ಅವಳ ಚಪ್ಪಲಿ ಹಿಡಿದುಕೊಂಡು, ಅವಳು ತಿರುಗಿ ಬರುವವರೆಗೆ ಒಂದು ಮಾತೂ ಆಡಲಿಲ್ಲ.

ಅವನ ಪ್ರಶ್ನೆಯನ್ನು ನಾನೇ ಅವಳಿಗೆ ಕೇಳಿದೆ. ಗೆಲ್ಲದ ಪಂದ್ಯಕ್ಕೆ ಯಾಕೆ ಹೋಗುವುದು? ಹುಡುಗಿ ನಮ್ಮ ಮನೆಯವಳೇ, ನಮ್ಮ ಭಾಷೆಯಲ್ಲೇ ಉತ್ತರ ಕೊಟ್ಟಳು: “ದೊಡ್ಡಪ್ಪ, ನೀವು ಬೇಗಂ ಬಜಾರಕ್ಕ ಹೋಗಿ ನಾಕು ಅಂಗಡ್ಯಾಗ ನಮೂನಿ ತೋರಿಸಿ, ರೇಟ್ ಕೇಳಿ, ಏನೂ ಮಾರದೆ ಬರತೀರಿ. ಯಾಕ?” ದೊಡ್ಡ ಪೇಟೆಯಲ್ಲಿ ನಮ್ಮ ಮಾಲು ಯಾವ ದರ್ಜೆಯದು ಎಂದು ತಿಳಿಯಲಿಕ್ಕೆ, ಎಂದೆ. “ಹಂಗೇ” ಎಂದಳು.

ನಲವತ್ತು ವರ್ಷ ಅಡತಿ ಅಂಗಡಿ ಮಾಡಿದ ನನಗೆ ಈ ಉತ್ತರ ಒಪ್ಪಿತವಾಯಿತು. ಊರಿನಲ್ಲಿ ಎಲ್ಲರ ತೊಗರಿಯೂ ಒಂದನೆಯ ದರ್ಜೆಯದೇ. ನಮ್ಮ ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತಲ್ಲ, ಅದು ಸಿಕ್ಕಿದ್ದು ಕೂಡ ನಾವೇ ನಮ್ಮನ್ನು ಹೊಗಳಿಕೊಂಡದ್ದರಿಂದ ಅಲ್ಲ, ಹೊರಗಿನವರು ಕಾಳು ಪರೀಕ್ಷೆ ಮಾಡಿ ಒಪ್ಪಿದ್ದರಿಂದ. ಹೊಳೆಯಲ್ಲಿ ಗೆಳತಿಯರ ನಡುವೆ ಮೊದಲು ಬಂದ ಹುಡುಗಿ ವಿಶ್ವದ ಹವ್ಯಾಸಿಗಳ ನಡುವೆ ನಲವತ್ತನೆಯವಳೋ ಅರವತ್ತನೆಯವಳೋ ಎಂಬುದು ಗಡಿಯಾರದಿಂದ ಗೊತ್ತಾಗುತ್ತದೆ. ಆ ಗಡಿಯಾರ ಅಪ್ಪನ ಅಂಗಡಿ ನೋಡುವುದಿಲ್ಲ, ಮುಲಾಜು ಮಾಡುವುದಿಲ್ಲ. ನಮ್ಮ ಮಕ್ಕಳಿಗೆ ಸಿಗುವ ತಕ್ಕಡಿಗಳಲ್ಲಿ ಹೆಚ್ಚಿನವು ಮುಲಾಜಿನವೇ. ಒಂದಾದರೂ ಸರಿಯಾದ ತೂಕದ ತಕ್ಕಡಿ ಸಿಕ್ಕರೆ ಬಾಡಿಗೆ ಕೊಟ್ಟಾದರೂ ಅದರ ಮೇಲೆ ನಿಲ್ಲಲಿ ಎಂಬುದು ನನ್ನ ಅಭಿಪ್ರಾಯ.

ಬಾಡಿಗೆ ಎಷ್ಟು ಎಂಬುದೇ ಮುಂದಿನ ಮಾತು. ಪಂದ್ಯದ ಪ್ರವೇಶ ಶುಲ್ಕ ಇದರಲ್ಲಿ ತೀರ ಚಿಕ್ಕ ಬಾಬತ್ತು. ವಿಮಾನದ ಟಿಕೆಟ್, ವೀಸಾ, ವಸತಿ, ವಿಮೆ, ಹಲಗೆಯ ಸಾಗಾಟ, ಇವೇ ಭಾರ. ಗಾಳಿ ತುಂಬುವ ಹಲಗೆ, ಮೂರು ತುಂಡಾಗಿ ಬಿಚ್ಚುವ ಹುಟ್ಟು, ಪಂಪು ಎಲ್ಲ ಸೇರಿದರೆ ಒಬ್ಬರ ಸಾಮಾನಿನ ತೂಕದ ಮಿತಿ ಬಹುಪಾಲು ಅಲ್ಲಿಗೇ ತುಂಬುತ್ತದೆ, ಬಟ್ಟೆಗೆ ಜಾಗವಿಲ್ಲ. ಅಲ್ಲಿಯೇ ಬಾಡಿಗೆಗೆ ಹಲಗೆ ಸಿಗುವ ಪಂದ್ಯಗಳೂ ಇವೆ, ಮೊದಲೇ ಕೇಳಿ ಕಾಗದ ಪಡೆದುಕೊಳ್ಳಬೇಕು. ಸರಕಾರದ ಸಹಾಯಧನವನ್ನು ಲೆಕ್ಕದ ಜಮಾ ಕಡೆ ಬರೆದಿಟ್ಟುಕೊಂಡು ಹೊರಡಬಾರದು. ಈ ಆಟ ಒಲಿಂಪಿಕ್‌ನಲ್ಲಿ ಇಲ್ಲ, ಹವ್ಯಾಸಿ ವಿಭಾಗಕ್ಕಂತೂ ಕೊಡುವವರು ಕಡಿಮೆ. ನಮ್ಮ ಗುಮಾಸ್ತರು, ಮೂವತ್ತು ವರ್ಷದಿಂದ ಕಿರ್ದಿ ಬರೆಯುವವರು, ಇದನ್ನು ಯಾವ ಬಾಬತ್ತಿಗೆ ಹಾಕಲಿ ಎಂದು ಕೇಳಿದರು. ವಿದ್ಯಾಭ್ಯಾಸವೇ, ಪ್ರವಾಸವೇ, ಮನೆಖರ್ಚೇ? ಮನೆಖರ್ಚು ಎಂದೆ. ಮಗನಿಗೆ ಮೋಟಾರ್ ಸೈಕಲ್ ಕೊಡಿಸಿದಾಗ ತಮ್ಮನು ಅದನ್ನು ಮನೆಖರ್ಚಿಗೇ ಹಾಕಿದ್ದ, ಆಗ ಯಾರೂ ಪ್ರಶ್ನೆ ಎತ್ತಿರಲಿಲ್ಲ.

ಮನೆಯ ಹೆಂಗಸರ ಪ್ರಶ್ನೆ ಬೇರೆ: ಊಟದ ಗತಿ ಏನು? ಕಂದಮೂಲ ಇಲ್ಲದ ಊಟ, ಸೂರ್ಯಾಸ್ತದ ಮೊದಲು ಊಟ, ಹೊರದೇಶದಲ್ಲಿ ಎಲ್ಲಿ? ನನ್ನ ತಿಳುವಳಿಕೆಯಲ್ಲಿ ಈ ಆಟ ಅದಕ್ಕೆ ಅನುಕೂಲವೇ. ಗಾಳಿ ಏಳುವ ಮೊದಲು ನೀರು ಸಮನಾಗಿರುವಾಗ, ಬೆಳಗಿನ ಹೊತ್ತಿನಲ್ಲೇ ಬಹಳಷ್ಟು ಅಭ್ಯಾಸ, ಓಟ ಮುಗಿಯುತ್ತದೆ. ಬಾಳೆಹಣ್ಣು, ಖರ್ಜೂರ, ಶೇಂಗಾ ಚಿಕ್ಕಿ, ಉಪ್ಪು ಸಕ್ಕರೆ ಬೆರೆಸಿದ ಸೋಸಿದ ನೀರು, ಬಿಸಿಲಿನಲ್ಲಿ ಎರಡು ಗಂಟೆ ಹುಟ್ಟು ಹಾಕುವವರಿಗೆ ಇವೇ ಬೇಕಾದದ್ದು. ಜೊತೆಗೆ ನಮ್ಮ ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಯಾವ ದೇಶದಲ್ಲಿ ಇಳಿದರೂ ವಾರ ಕಳೆಯಬಹುದು. ತಿಥಿಯ ವಿಷಯ ಮಾತ್ರ ನೋಡಿಕೊಳ್ಳಬೇಕು. ಹಾಲೆಂಡಿನ ಹನ್ನೊಂದು ಊರಿನ ಪಂದ್ಯ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಬರುತ್ತದೆ, ನಮ್ಮ ದಶಲಕ್ಷಣ ಪರ್ವವೂ ಅದೇ ಹೊತ್ತಿಗೆ. ಉಪವಾಸ ಹಿಡಿದು 220 ಕಿಲೋಮೀಟರ್ ಆಗದ ಮಾತು. ಮಾರ್ಚ್ ತಿಂಗಳ ಸಸಿಹಿತ್ಲಿನಂಥ ಪಂದ್ಯಕ್ಕೆ ಆ ತೊಡಕಿಲ್ಲ. ನೀರಿನ ಜೀವಗಳ ಮಾತು ಎತ್ತಿದ ನಮ್ಮ ಅಕ್ಕನಿಗೆ ನಾನು ಹೇಳಿದ್ದಿಷ್ಟು: ಇದರಲ್ಲಿ ಗಾಳವಿಲ್ಲ, ಬಲೆಯಿಲ್ಲ, ಎಣ್ಣೆ ಸುರಿಯುವ ಮೋಟಾರಿಲ್ಲ. ಅಕ್ಕ ಪೂರ್ತಿ ಒಪ್ಪಲಿಲ್ಲ, ಆದರೆ ಚಿಕ್ಕಿ ಕಟ್ಟಿಕೊಡುತ್ತೇನೆ ಎಂದಳು.

ನಿಜವಾದ ವಿಚಾರ ಪ್ರಾಣದ್ದು. ಖಣಿಯ ನೀರನ್ನು ಕಂಡ ನಮಗೆ ಅದನ್ನು ಹಗುರವಾಗಿ ಹೇಳಲು ಬರುವುದಿಲ್ಲ. ವಿಚಾರಿಸಿ ತಿಳಿದದ್ದನ್ನು ಬರೆಯುತ್ತೇನೆ, ಮಕ್ಕಳನ್ನು ಕಳಿಸುವವರು ಓದಿಕೊಳ್ಳಲಿ. ಜಾಕೆಟ್ ಇರಬೇಕು, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಹಗ್ಗದ ವಿಷಯ. ಹಲಗೆಗೂ ಕಾಲಿಗೂ ಒಂದು ಹಗ್ಗ ಕಟ್ಟುತ್ತಾರೆ. ಬಿದ್ದರೂ ಹಲಗೆ ಕೈತಪ್ಪಿ ಹೋಗುವುದಿಲ್ಲ, ಹಲಗೆಯೇ ತೇಲುವ ಆಧಾರ. ಸಮುದ್ರದಲ್ಲಿ ಇದು ಕಾಲಿಗೆ ಇರಬಹುದು. ಹರಿಯುವ ಹೊಳೆಯಲ್ಲಿ ಮಾತ್ರ ಕಾಲಿಗೆ ಕಟ್ಟಬಾರದು. ಹಗ್ಗ ಬೇರಿಗೋ ಕಂಬಕ್ಕೋ ಸಿಕ್ಕಿಕೊಂಡರೆ ನೀರಿನ ಸೆಳೆತದಲ್ಲಿ ಬಗ್ಗಿ ಪಾದದಿಂದ ಅದನ್ನು ಬಿಚ್ಚಲು ಆಗುವುದಿಲ್ಲ. ಅಲ್ಲಿ ಸೊಂಟಕ್ಕೆ ಕಟ್ಟುವ, ಒಂದು ಎಳೆತಕ್ಕೆ ಬಿಚ್ಚಿಕೊಳ್ಳುವ ಪಟ್ಟಿಯೇ ಬೇಕು. ಇನ್ನು ಗಾಳಿ. ಅಲೆಗಿಂತ ಗಾಳಿಯೇ ಹೊಸಬರ ವೈರಿ. ದಡದಿಂದ ಕಡಲಿನ ಕಡೆಗೆ ಬೀಸುವ ಗಾಳಿ ಇದ್ದಾಗ ತೀರದ ಹತ್ತಿರ ನೀರು ಕನ್ನಡಿಯಂತೆ ಕಾಣುತ್ತದೆ, ಮೋಸವಿರುವುದು ಅಲ್ಲಿಯೇ. ನಿಂತ ಮನುಷ್ಯನ ಮೈಯೇ ಹಾಯಿಯಂತಾಗಿ, ತಿಳಿಯುವುದರೊಳಗೆ ದೂರ ಒಯ್ಯುತ್ತದೆ. ಅಂಥ ಹೊತ್ತಿನಲ್ಲಿ ನಿಲ್ಲುವ ಹಟ ಬಿಟ್ಟು ಹಲಗೆಯ ಮೇಲೆ ಬೋರಲು ಮಲಗಿ ಕೈಯಿಂದ ನೀರು ಎಳೆಯುತ್ತ ಬರಬೇಕು, ಹಲಗೆಯನ್ನು ಮಾತ್ರ ಬಿಡಬಾರದು. ಒಬ್ಬರೇ ಹೋಗಬಾರದು. ಇಷ್ಟನ್ನೂ ಕಲಿಸದೆ ಬರೀ ಫೋಟೋ ತೆಗೆದುಕೊಟ್ಟು ಹಣ ಎಣಿಸುವವರ ಹತ್ತಿರ ಮಕ್ಕಳನ್ನು ಬಿಡಬೇಡಿರಿ.

ಪಂದ್ಯದವರು ಒಂದು ಕಾಗದಕ್ಕೆ ಸಹಿ ಕೇಳುತ್ತಾರೆ. ಅಪಾಯವಾದರೆ ನಮ್ಮ ಹೊಣೆಯಲ್ಲ ಎಂಬ ಕಾಗದ. ಅದು ಎಲ್ಲ ದೇಶದಲ್ಲೂ ಇದ್ದದ್ದೇ. ತಮ್ಮನು ಅದನ್ನು ನಾಲ್ಕು ಸಲ ಓದಿಸಿ ಕೇಳಿದ. ಹುಡುಗಿಗೆ 18 ತುಂಬಿದೆ, ಅವಳ ಸಹಿ ಸಾಕು, ತಂದೆಯ ಸಹಿ ಬೇಕಿಲ್ಲ. ಆದರೂ ಅವಳು ಅದನ್ನು ತಂದು ತಂದೆಯ ಮುಂದೆ ಇಟ್ಟಳು, ಅಪ್ಪಾಜಿ ಹೂಂ ಅನ್ನದೆ ನಾನು ಸಹಿ ಮಾಡುವುದಿಲ್ಲ ಎಂದಳು. ಹಾಗೆ ಇಟ್ಟದ್ದರಿಂದಲೇ ಅವನು ಕೂಡಲೇ ಬೇಡ ಎನ್ನಲಾರದೆ ಹೋದ.

ಕೊನೆಗೆ ನಾವು ಅಣ್ಣತಮ್ಮಂದಿರು ಕೂತು ಒಂದು ಕರಾರು ಮಾಡಿದೆವು. ಜಾಕೆಟ್ ಇಲ್ಲದೆ, ಎಲ್ಲಿಯೂ ನಿಲ್ಲದೆ, 400 ಮೀಟರ್ ಈಜಿ ತೋರಿಸಬೇಕು. ಹಲಗೆ ಕೈಬಿಟ್ಟರೂ ದಡ ಸೇರುವಷ್ಟು ಬಲ ಇರಬೇಕಲ್ಲ. ಪರೀಕ್ಷೆ ಅವಳ ತಾಯಿಯ ಎದುರಿಗೇ ಆಗಬೇಕು, ಏಕೆಂದರೆ ರಾತ್ರಿ ನಿದ್ದೆ ಕೆಟ್ಟಿರುವುದು ಆಕೆಯದು. ಹುಡುಗಿ ಒಪ್ಪಿದಳು. ಮಂಗಳೂರಿನ ಈಜುಕೊಳದಲ್ಲಿ ದಿನಾ ಬೆಳಿಗ್ಗೆ ಒಂದು ಗಂಟೆ ಅಭ್ಯಾಸ ಮಾಡುತ್ತಿದ್ದಾಳೆ. ಹೋದ ವಾರ ದೂರವಾಣಿಯಲ್ಲಿ 250 ಆಯಿತು ದೊಡ್ಡಪ್ಪ ಎಂದಳು. ಕಾಗದ ತಮ್ಮನ ಗಲ್ಲಾಪೆಟ್ಟಿಗೆಯಲ್ಲಿ, ತೊಗರಿಯ ಚೀಟಿಗಳ ಕೆಳಗೆ ಇದೆ. ಹೆಸರು ಕೊಡಲು ಇನ್ನೂ ಆರು ವಾರ ಸಮಯವಿದೆ.